ಎಡಗೈ ಗಿಟಾರಿಗೊಂದು ಪ್ಲೇಟು

ಮತ್ತೆ ಆ ಸದ್ದು, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಾಗ ಕೇಳುತ್ತದಲ್ಲ ಅಂಥದ್ದೇ, ಈಗ ನಿಂತಿತು, ಇಲ್ಲ, ಮತ್ತೆ ಶುರುವಾಯಿತು, ಯಾರ ಹೆಸರು ಕೆತ್ತುತ್ತಿದ್ದಾನೋ ತೋಟಪ್ಪ ಪರದೆಯ ಹಿಂದೆ, ಇಷ್ಟು ಹೊತ್ತು ಎಳೆಯುತ್ತಿದೆ ಅಂದಮೇಲೆ ಉದ್ದದ ಹೆಸರೇ ಇರಬೇಕು, ಕೊನೆಗೊಂದು ಮಿನರಲ್ಸ್ ಇದ್ದೇ ಇರುತ್ತದೆ — ಹೊಸಪೇಟೆಯಲ್ಲಿ ಈಗ ಮಿನರಲ್ಸ್ ಇಲ್ಲದ ಹೆಸರಾದರೂ ಎಲ್ಲಿದೆ, ನಿನ್ನೆ ಮೊನ್ನೆಯವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಂಡಕ್ಕಿ ಮಾರುತ್ತಿದ್ದವನೂ ಮಿನರಲ್ಸ್, ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದವನೂ ಮಿನರಲ್ಸ್ — ಅಂಗಡಿಯ ಗೋಡೆ ತುಂಬ ಅವರವೇ ನಾಮಫಲಕಗಳು, ಹಿತ್ತಾಳೆಯವು, ಗಾಜಿನವು, ಕಪ್ಪಿನ ಮೇಲೆ ಬಿಳಿಯಕ್ಷರದವು, ಒಂದರ ಪಕ್ಕ ಒಂದು, ಎಲ್ಲರೂ ಬಾಗಿಲು ಹಾಕಿಕೊಂಡು ಒಳಗೆ ಸುಖವಾಗಿದ್ದಾರೆ ಅನ್ನಿಸುತ್ತದೆ ಮಧ್ವೇಶನಿಗೆ, ತಾನೊಬ್ಬ ಹೊರಗೆ ಬೆಂಚಿನ ಮೇಲೆ, ತೊಡೆಗೆ ಗಿಟಾರು ಒರಗಿಸಿಕೊಂಡು. ಕುಂದ್ರಿ ಸಾರ್, ಇದೊಂದು ಮುಗಿಸಿ ಕೊಡ್ತೀನಿ, ಆಗೇತಿ ನಿಮ್ದು, ಮಸ್ತ್ ಆಗೇತಿ ಅಂದು ಒಳಗೆ ಹೋದ ತೋಟಪ್ಪ ಇನ್ನೂ ಹೊರಗೆ ಬಂದಿಲ್ಲ. ಬರಲಿ, ಅವಸರವೇನು, ಭಾನುವಾರ, ಲ್ಯಾಬಿಗೆ ರಜೆ, ಬಾಡಿಗೆ ಮನೆಗೆ ಹೋದರೂ ಕಾಯುವವರು ಯಾರಿದ್ದಾರೆ, ಒಲೆಯ ಮೇಲೆ ಬೆಳಗ್ಗೆ ಕಲಸಿಟ್ಟ ಅವಲಕ್ಕಿ, ಅದೇನು ಎದ್ದು ಬಂದು ಯಾಕೆ ತಡವಾಯಿತು ಅಂತ ಕೇಳುವುದಿಲ್ಲ, ಬೆಳಗಿನಿಂದ ಬಾಯಿಬಿಟ್ಟು ಮಾತಾಡಿದ್ದೆಂದರೆ ಈ ತೋಟಪ್ಪನ ಜೊತೆಗೇ, ಅದಕ್ಕೂ ಮೊದಲು ಹಾಲಿನವನಿಗೆ ಒಂದು ಹ್ಞೂಂ. ಲಾರಿ ಹೋಯಿತು, ಸ್ಟೇಷನ್ ಕಡೆಗೆ, ತುಂಬಿದ ಲಾರಿ, ತುಂಬಿದ್ದೋ ಖಾಲಿಯೋ ಸದ್ದಿನಲ್ಲೇ ತಿಳಿಯುತ್ತದೆ ಈ ಊರಿನವರಿಗೆ, ಗೋಡೆಯ ಮೇಲಿನ ಹೆಸರುಗಳೆಲ್ಲ ಒಂದು ಕ್ಷಣ ಗಿಲಗಿಲ ಅಂದು ಸುಮ್ಮನಾದವು, ಗಿಟಾರಿನ ತಂತಿಗಳೂ ಸಣ್ಣಗೆ ಅಂದವು, ಅವನು ಅಂಗೈಯಿಟ್ಟು ಅವುಗಳ ಬಾಯಿ ಮುಚ್ಚಿದ. ಎಡಗೈಯ ಅಂಗೈ.

ಎಡಗೈ. ಅಮ್ಮ ಇಂದಿರಾಬಾಯಿ ಈ ಕೈಯನ್ನು ತಿದ್ದಲು ಎಷ್ಟು ಕಷ್ಟಪಟ್ಟಳು ಪಾಪ, ಎಡಗೈಲೆ ಉಣಬಾರದೋ ಮಧ್ವಾ, ಎಡಗೈಲೆ ತೀರ್ಥ ತೊಗೋತಾರೇನೋ, ಮಂದಿ ಏನಂದಾರು, ಅಪ್ಪ ಗುಡಿಯಲ್ಲಿ ಪೂಜೆ ಮಾಡುವವರು, ಅವರ ಮಗ ಎಡಚ ಅಂದರೆ ಹೇಗೆ, ಅದಕ್ಕೆ ಉಣ್ಣುವುದು ಬಲಗೈಗೆ ಬಂತು, ಬರೆಯುವುದು ಬಲಗೈಗೆ ಬಂತು, ಸಂಧ್ಯಾವಂದನೆಯೂ ಬಂತು, ಗಿಟಾರೊಂದು ಬರಲಿಲ್ಲ, ಯಾಕೆಂದರೆ ಗಿಟಾರು ಕಲಿಸಿದವಳು ಅಮ್ಮನಲ್ಲ, ಗೆಳೆಯ ತಿಪ್ಪೇಶ. ಕಲಿಸಿದ ಅಂದರೆ ಪಾಠಗೀಠ ಏನಿಲ್ಲ, ಎದುರಿಗೆ ಕೂರಿಸಿಕೊಂಡ ಅಷ್ಟೇ — ಬುಕ್ಕಸಾಗರದಲ್ಲಿ ತಿಪ್ಪೇಶನ ಸೋದರಮಾವನ ಭತ್ತದ ಗದ್ದೆ, ಗದ್ದೆಯ ಅಂಚಿನಲ್ಲಿ ಪಂಪ್‌ಸೆಟ್ಟಿನ ಸಣ್ಣ ಮನೆ, ಒಳಗೆ ಗೊಬ್ಬರದ ಚೀಲಗಳ ಮೇಲೆ ಇಬ್ಬರೂ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ತಿಪ್ಪೇಶ ಹಂಪಿಯ ಗೆಸ್ಟ್‌ಹೌಸಿನಲ್ಲಿ ಫಾರಿನ್‌ನವರ ಕೈ ನೋಡಿ ನೋಡಿ ಕದ್ದುಕೊಂಡು ಬಂದದ್ದನ್ನು ಬಾರಿಸುವುದು, ನಾನು ಮಾಡ್ದಂಗ ಮಾಡಲೇ ಮಧ್ವ್ಯಾ, ಕನ್ನಡಿ ನೋಡ್ಕೊಂಡು ತಲಿ ಬಾಚ್ಕೊಳ್ಳಂಗಿಲ್ಲೇನು, ಹಂಗ — ಇವನು ಕನ್ನಡಿ ನೋಡಿದ ಹಾಗೇ ನೋಡಿದ, ನೋಡಿದ ಹಾಗೇ ಮಾಡಿದ, ಅವನ ಬಲಗೈ ಹೋದಲ್ಲಿ ಇವನ ಎಡಗೈ, ಎರಡು ಗಿಟಾರಿನ ಕುತ್ತಿಗೆಗಳೂ ಒಂದೇ ಕಡೆಗೆ, ಬಾಗಿಲ ಕಡೆಗೆ, ಬಾಗಿಲಾಚೆ ಗದ್ದೆ, ಗದ್ದೆಯಾಚೆ ಹೊಳೆ, ಬೆರಳು ತಪ್ಪಿದರೆ ತಿಪ್ಪೇಶ ಬೈಯುತ್ತಿರಲಿಲ್ಲ, ತಾನೂ ಬೇಕಂತಲೇ ತಪ್ಪಿಸುತ್ತಿದ್ದ, ಆಮೇಲೆ ಇಬ್ಬರೂ ಸೇರಿ ಸರಿಮಾಡಿಕೊಳ್ಳುವುದು. ಮಧ್ಯಾಹ್ನ ಅವನ ಅವ್ವ ಜಂಬಮ್ಮ ರೊಟ್ಟಿ ಬುತ್ತಿ ಕಳಿಸುತ್ತಿದ್ದಳು, ಆಚಾರ್ರ ಹುಡುಗಗ ಉಳ್ಳಾಗಡ್ಡಿ ಹಾಕಿಲ್ಲದ್ದು ಬ್ಯಾರೆ ಐತಿ ಅಂತ ಹೇಳಿ ಕಳಿಸುತ್ತಿದ್ದಳು, ಆಚಾರ್ರ ಹುಡುಗ ಈರುಳ್ಳಿ ಹಾಕಿದ್ದನ್ನೇ ಕಸಿದುಕೊಂಡು ತಿನ್ನುತ್ತಿದ್ದ. ಅಷ್ಟು ರುಚಿಯಾಗಿ ಆಮೇಲೆ ಎಲ್ಲೂ ಉಂಡಿಲ್ಲ.

ಪರದೆಯ ಹಿಂದೆ ಸದ್ದು ನಿಂತಿತು, ಈಗ ಬರುತ್ತಾನೆ ಅಂದುಕೊಂಡರೆ ಕೆಮ್ಮು, ಮತ್ತೆ ಸದ್ದು. ಇರಲಿ. ಮಧ್ವೇಶನ ಹೆಬ್ಬೆರಳು ಗಿಟಾರಿನ ಹೊಟ್ಟೆಯ ಮೇಲೆ ಆಡುತ್ತಿದೆ, ಅಲ್ಲಿ ಪಿಕ್‌ಗಾರ್ಡ್, ಅಂದರೆ ತಂತಿಗಳ ಕೆಳಗೆ ಹೊಟ್ಟೆಗೆ ಹಚ್ಚುವ ಪ್ಲಾಸ್ಟಿಕ್ಕಿನ ಹಲಗೆ, ಇರಬೇಕಾದ ಜಾಗದಲ್ಲಿ ಈಗ ಎಕ್ಸ್‌ರೇ ಹಾಳೆ, ಅಮ್ಮನ ಎದೆಯದು, ಕತ್ತರಿಯಿಂದ ಆಕಾರಕ್ಕೆ ಕತ್ತರಿಸಿ ಟೇಪು ಹಚ್ಚಿದ್ದು, ಬೆಳಕು ಬಿದ್ದರೆ ಎರಡು ಪಕ್ಕೆಲುಬು ಕಾಣುತ್ತವೆ, ಮಗನ ಗಿಟಾರು ಎಂದರೆ ಮೂಗು ಮುರಿಯುತ್ತಿದ್ದ ಅಮ್ಮ ಹೋದಮೇಲೆ ಗಿಟಾರಿಗೇ ಅಂಟಿಕೊಂಡಳಲ್ಲ ಅಂತ ಅವನಿಗೆ ಒಮ್ಮೊಮ್ಮೆ ನಗುವೂ ಬರುತ್ತದೆ. ಬೇರೇನು ಮಾಡುವುದು, ಅಲ್ಲಿ ಮುಚ್ಚದಿದ್ದರೆ ಒಳಗಿನ ವೈರುಗಳ ಗುಳಿ ಬಾಯಿ ತೆರೆದುಕೊಂಡಿರುತ್ತದೆ, ಈ ಊರಿನ ಕೆಂಪು ಧೂಳು ಎಲ್ಲಿ ಸಂದು ಸಿಕ್ಕೀತು ಅಂತ ಕಾಯುತ್ತಲೇ ಇರುತ್ತದೆ, ಒಳಗೆ ಹೊಕ್ಕರೆ ತಂತಿ ಮುಟ್ಟಿದ ಕೂಡಲೇ ಕರಕರ, ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಅಸಲಿ ಪಿಕ್‌ಗಾರ್ಡ್ ಒಡೆದದ್ದು ಕಂಪ್ಲಿಯಲ್ಲಿ, ರೈಸ್‌ಮಿಲ್ಲಿನವರ ಮದುವೆ, ಇಬ್ಬರೂ ಬಾರಿಸುತ್ತಿದ್ದ ಗಾನಪಂಪಾ ಆರ್ಕೆಸ್ಟ್ರಾದ ಕಾರ್ಯಕ್ರಮ, ನಡುವೆ ಕರೆಂಟು ಹೋಯಿತು, ಕತ್ತಲಲ್ಲಿ ಡ್ರಮ್ಮಿನ ಮರುಳಸಿದ್ದಪ್ಪ ಚಹಾ ಹುಡುಕುತ್ತ ಬಂದು ಗಿಟಾರಿನ ಮೇಲೆ ಕಾಲಿಟ್ಟ, ಪಟ್ ಅಂತ ಎರಡು ಹೋಳು, ಕರೆಂಟು ಬಂದಾಗ ಮಧ್ವೇಶನ ಕಣ್ಣಲ್ಲಿ ನೀರು, ಎಲ್ಲರೂ ನಕ್ಕರು, ತಿಪ್ಪೇಶ ನಗಲಿಲ್ಲ, ಮರುದಿನ ಹುಡುಕಿಕೊಂಡು ಮನೆಗೆ ಬಂದು ಎಂ-ಸೀಲ್ ನಾದಿ ಜೋಡಿಸಿದ, ರಾತ್ರಿ ಬಿಟ್ಟು ಬೆಳಗ್ಗೆ ನೋಡು, ನಿನ್ನ ತಲಿಗಿಂತ ಗಟ್ಟಿ ಆಗಿರ್ತೈತಿ ಅಂದ. ಗಟ್ಟಿಯೇ ಆಯಿತು, ಬಹಳ ವರ್ಷ ತಡೆಯಿತು, ತಿಪ್ಪೇಶ ಆರ್ಕೆಸ್ಟ್ರಾ ಬಿಟ್ಟಮೇಲೂ ತಡೆಯಿತು, ಆಮೇಲೊಂದು ಬೇಸಿಗೆಯಲ್ಲಿ ತಾನೇ ಕಳಚಿ ಬಿತ್ತು. ಹೊಸದು ಎಲ್ಲಿ ಸಿಗಬೇಕು, ಗಿಟಾರು ಮಾಡಿದ ಕಲ್ಕತ್ತದ ಕಂಪನಿಯವರು ಕಾಗದಕ್ಕೆ ಉತ್ತರ ಬರೆಯಲಿಲ್ಲ, ಹುಬ್ಬಳ್ಳಿಯ ಅಂಗಡಿಯವನು ಎಡಗೈದಾ, ಬಲಗೈದೇ ಸಿಗವಲ್ದು ನಿಮ್ಮದೊಳ್ಳೆ ಕಥಿ ಆತಲ್ರಿ ಅಂದ, ತಿಪ್ಪೇಶನೂ ಇವನೂ ಒಟ್ಟಿಗೆ ತರಿಸಿದ್ದು ಆ ಗಿಟಾರುಗಳನ್ನು, ಒಂದೇ ಕಂಪನಿ, ಒಂದೇ ಮಾದರಿ, ತಿಪ್ಪೇಶನದು ಬಲಗೈಯದು ಕೂಡಲೇ ಬಂತು, ಇವನದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು, ಇವನದು ಬರುವವರೆಗೂ ತಿಪ್ಪೇಶ ತನ್ನದನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ, ತೆಗಿಯೋ ಅಂದರೆ ನಿಂದು ಬರ್ಲಿ ತಡಿಯಲೇ ಅಂದ. ಅಂಥವನು ತಿಪ್ಪೇಶ.

ಆಮೇಲೆ ಮಣ್ಣಿಗೆ ಬೆಲೆ ಬಂತು, ಕಬ್ಬಿಣದ ಅದಿರಿನ ಕೆಂಪು ಮಣ್ಣಿಗೆ. ಊರಿಗೂರೇ ಸಂಡೂರಿನ ಗುಡ್ಡಗಳ ಕಡೆ ಮುಖ ತಿರುಗಿಸಿತು, ತಿಪ್ಪೇಶನ ಅಪ್ಪ ದೊಡ್ಡಬಸಪ್ಪನ ಕಿರಾಣಿ ಅಂಗಡಿ ಮುಚ್ಚಿಸಿ ಮಗ ಒಂದು ಟಿಪ್ಪರ್ ತಂದ, ಬಂಡ್ರಿಯ ದಾರಿಯಲ್ಲಿ ತಾನೇ ಸ್ಟೇರಿಂಗ್ ಹಿಡಿದು ಓಡಿಸಿದ, ಒಂದಕ್ಕೆ ಇನ್ನೊಂದು ಮರಿ ಹಾಕಿತು, ತಿಪ್ಪೇಶ ತಿಪ್ಪೇಶ್ ಸಾಹೇಬ್ರಾದ. ಆರ್ಕೆಸ್ಟ್ರಾ ತಾನಾಗಿ ಮುಚ್ಚಿಹೋಯಿತು, ಒಂದು ಕೀಬೋರ್ಡು ಇದ್ದರೆ ಗಿಟಾರು ಅದರಲ್ಲೇ ಬರುತ್ತದೆ, ಶಹನಾಯಿಯೂ ಬರುತ್ತದೆ, ಡ್ರಮ್ಮೂ ಬರುತ್ತದೆ, ನಾಲ್ಕು ಮಂದಿಗೆ ಯಾಕೆ ಊಟ ಹಾಕುವುದು. ಮಧ್ವೇಶನೂ ಆ ಮಣ್ಣಿಗೇ ಬಿದ್ದ, ಬೇರೆ ರೀತಿಯಲ್ಲಿ, ಬಿ.ಎಸ್ಸಿ. ಕೆಮಿಸ್ಟ್ರಿ ಇತ್ತಲ್ಲ, ಅದಿರು ಪರೀಕ್ಷೆ ಮಾಡುವ ಲ್ಯಾಬು, ಕವರಿನಲ್ಲಿ ಮಣ್ಣು ಬರುತ್ತದೆ, ಕುಟ್ಟಿ, ತೂಗಿ, ಆಸಿಡ್ಡಿನಲ್ಲಿ ಕರಗಿಸಿ, ಬ್ಯುರೆಟ್ಟು ಅನ್ನುವ ಗೆರೆ ಹಾಕಿದ ಗಾಜಿನ ನಳಿಗೆಯ ಕೆಳಗಿಟ್ಟು ಹನಿ ಹನಿಯಾಗಿ ಬಿಡುವುದು, ಎಷ್ಟೋ ಹನಿಗಳವರೆಗೆ ಏನೂ ಆಗುವುದಿಲ್ಲ, ಆಮೇಲೆ ಒಂದೇ ಒಂದು ಹನಿ, ಇಡೀ ಗಾಜಿನ ಬಣ್ಣ ನೇರಳೆಗೆ ತಿರುಗಿಬಿಡುತ್ತದೆ, ಅಲ್ಲಿಗೆ ಮುಗಿಯಿತು, ಕಬ್ಬಿಣ ಇಷ್ಟಿದೆ ಅಂತ ಬರೆದುಕೊಡುವುದು. ಕೆಲವು ಕವರುಗಳ ಮೇಲೆ ಟಿ.ಡಿ. ಅಂತ ಇರುತ್ತದೆ, ದೊಡ್ಡಬಸಪ್ಪನ ಮಗ ತಿಪ್ಪೇಶನ ಮಾಲು, ಆ ದಿನ ಮಧ್ವೇಶ ತಾನೇ ಕೂತು ಮಾಡುತ್ತಾನೆ, ಯಾರಿಗೂ ಬಿಟ್ಟುಕೊಡುವುದಿಲ್ಲ, ಯಾಕೆ ಅಂದರೆ ಏನು ಹೇಳುತ್ತಾನೆ, ಗೆಳೆಯನ ಸುದ್ದಿ ಅಷ್ಟೇ ಅವನಿಗೆ ಬರುವುದು, ಕವರಿನಲ್ಲಿ, ಕೆಂಪಗೆ. ಒಂಟಿತನ ಎಂಬುದು ದೊಡ್ಡ ಮಾತು, ಅದನ್ನು ಯಾರ ಮುಂದೂ ಆಡಿದವನಲ್ಲ ಅವನು, ಆದರೆ ಅನ್ನಕ್ಕಿಡುವಾಗ ಒಂದು ಲೋಟ ಅಕ್ಕಿ ಅಳೆಯುತ್ತಾನಲ್ಲ, ಪ್ರತಿ ಸಲ ಅದರ ಮೇಲೆ ಇನ್ನೊಂದು ಹಿಡಿ ಹಾಕಿ, ಹಾಕಿದ್ದನ್ನು ಮತ್ತೆ ಡಬ್ಬಿಗೆ ಸುರಿಯುತ್ತಾನೆ.

ಅಂಥ ಹೊತ್ತಿನಲ್ಲಿ ಆ ಫೋನು. ಯುಗಾದಿ ಕಳೆದಿತ್ತು, ಲ್ಯಾಬಿನ ಫೋನಿಗೇ ಮಾಡಿದ್ದ, ಯಾರ್ರೀ ಅಂದರೆ ನಾನಲೇ ಅಂದ, ನಾನಲೇ ಅನ್ನುವವರು ಲೋಕದಲ್ಲಿ ಇನ್ನೂ ಒಬ್ಬರಿದ್ದಾರೆ. ಮಧ್ವ್ಯಾ, ಹೊಸ ಮನಿ ಕಟ್ಟಸಾಕತ್ತೀನಿ, ಸಂಡೂರು ರೋಡಿಗೆ, ಅವ್ವನ ಹೆಸರು ಇಡ್ತೀನಿ, ಹಾಲ್ ಎಷ್ಟು ದೊಡ್ಡದೈತಿ ಅಂದ್ರ ನಮ್ಮ ಪಂಪ್‌ಸೆಟ್ ಮನಿ ಹತ್ತು ಕುಂದ್ರತಾವು, ಪ್ರವೇಶದ ದಿನ ನೀನು ನಾನು ಎದುರಾಬದುರಾ ಕುಂತು ಬಾರ್ಸೋದು, ಮಂದಿ ನೋಡ್ಲಿ, ಆತಿಲ್ಲೋ, ಗಿಟಾರ್ ರೆಡಿ ಮಾಡ್ಕ್ಯಾ. ಆತು ಅಂದಿದ್ದ ಮಧ್ವೇಶ, ಅಷ್ಟೇ ಅಂದಿದ್ದ, ಇನ್ನೇನಾದರೂ ಅನ್ನಬೇಕಾಗಿತ್ತು, ಟಿಪ್ಪರ್ ಓಡಿಸಿ ಹಿಡಿದುಕೊಂಡ ಸೊಂಟ ನೋವು ಹೇಗಿದೆ, ಜಂಬಮ್ಮತ್ತೆ ಹೇಗಿದ್ದಾಳೆ, ಫೋನಿಟ್ಟು ಬಂದು ಬ್ಯುರೆಟ್ಟು ಬಿಟ್ಟರೆ ಹನಿಗಳೆಲ್ಲ ಹೆಚ್ಚಾಗಿ ಸ್ಯಾಂಪಲ್ಲೇ ಕೆಟ್ಟಿತು. ಅವತ್ತಿನಿಂದ ದಿನಾ ಸಂಜೆ ಕೂರುವುದು, ಬೆರಳಿನ ತುದಿಗೆ ಮತ್ತೆ ಗಟ್ಟಿ ಬಂದಿದೆ, ಎದುರಿಗೆ ಖಾಲಿ ಕುರ್ಚಿ ಎಳೆದು ಹಾಕಿಕೊಳ್ಳುತ್ತಾನೆ, ನಗಬೇಡಿ, ಅವನಿಗೆ ಎದುರಿಗೊಂದು ಏನಾದರೂ ಇಲ್ಲದೆ ಬೆರಳು ಓಡುವುದಿಲ್ಲ. ದಿನ ಯಾವುದು ಅಂತ ಕೇಳಲು ಎರಡು ಸಲ ಫೋನು ಮಾಡಿದ, ಯಾರೋ ಎತ್ತಿ ಸಾಹೇಬ್ರು ಮೀಟಿಂಗ್‌ನಾಗದಾರ್ರಿ, ಕುರೆಕುಪ್ಪಕ್ಕ ಹೋಗ್ಯಾರ್ರಿ ಅಂದರು, ಮತ್ತೆ ಮಾಡಲಿಲ್ಲ, ಅವನೇ ಹೇಳುತ್ತಾನೆ, ಹೇಳದೆ ಇರುತ್ತಾನೆಯೇ, ತನ್ನ ಗಿಟಾರಿನ ಪೆಟ್ಟಿಗೆಯನ್ನೇ ತೆಗೆಯದೆ ಕಾದವನು.

ಆದರೆ ಅಷ್ಟು ಮಂದಿಯ ಮುಂದೆ ಅಮ್ಮನ ಪಕ್ಕೆಲುಬು ತೋರಿಸಿಕೊಂಡು ಕೂರುವುದಾಗುತ್ತದೆಯೇ, ಅದಕ್ಕೇ ಈ ತೋಟಪ್ಪ. ಹೊಳೆದದ್ದು ಲ್ಯಾಬಿನ ಬಾಗಿಲಲ್ಲೇ, ಮ್ಯಾನೇಜರ ಹೆಸರಿನ ಪ್ಲೇಟು, ಮೇಲೆ ಕಪ್ಪು, ಹಿಂದೆ ಬಿಳಿ, ಎರಡು ಪದರದ ಪ್ಲಾಸ್ಟಿಕ್ಕು, ಕಪ್ಪನ್ನು ಕೆತ್ತಿದರೆ ಒಳಗಿನ ಬಿಳಿ ಅಕ್ಷರವಾಗಿ ಕಾಣುತ್ತದೆ, ಅರೆ, ಪಿಕ್‌ಗಾರ್ಡ್ ಮಾಡುವುದೂ ಇಂಥದ್ದರಲ್ಲೇ ಅಲ್ಲವೇ. ಗಿಟಾರಿನ ಮೇಲೆ ತೆಳು ಕಾಗದ ಹಾಸಿ ಪೆನ್ಸಿಲ್ಲಿನಿಂದ ಆಕಾರ ತೆಗೆದ, ಸ್ಕ್ರೂ ಎಲ್ಲೆಲ್ಲಿ ಬರಬೇಕು ಅಂತ ಚುಕ್ಕೆ ಇಟ್ಟ, ತಂದುಕೊಟ್ಟ. ತೋಟಪ್ಪ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಗಿಟಾರಿಗೂ ನಂಬರ್ ಪ್ಲೇಟ್ ಬಂತೇನ್ರಿ ಸಾರ್ ಅಂದ, ಯಾವ ಹೆಸರು ಹಾಕಲಿ ಅಂದ. ಹೆಸರೇನು ಬ್ಯಾಡ್ರಿ, ಬರೇ ಪ್ಲೇಟ್ ಸಾಕು ಅಂದರೆ ಕೈಯಲ್ಲಿದ್ದ ಕಾಗದವನ್ನು ಹಾಗೇ ಕೆಳಗಿಟ್ಟುಬಿಟ್ಟ, ಹಂಗ ಬರಂಗಿಲ್ರಿ, ಹೆಸರಿಲ್ಲದ ಪ್ಲೇಟು ಈ ಅಂಗಡಿ ಹೊಸ್ತಿಲ ದಾಟಂಗಿಲ್ಲ, ನಮ್ಮಪ್ಪ ಮುದುಕಪ್ಪನ ಕಾಲದಿಂದ ನಡಕೊಂಡು ಬಂದೈತಿ, ಬರೇ ಪ್ಲೇಟ್ ಒಯ್ದ ಮನ್ಯಾಗ ಹೆಸರಿಟ್ಟು ಕರಿಯೋರು ಇಲ್ಲದಂಗ ಆಗ್ತಾರ ಅಂತ, ನೀವು ಏನೂ ಬ್ಯಾಡ ಅಂದ್ರ ಒಂದು ಶ್ರೀ ಆದ್ರೂ ಹಾಕಸ್ರಿ. ಹೆಸರಿಟ್ಟು ಕರೆಯುವವರು. ಶ್ರೀ ಅಂದಿದ್ದರೆ ಮುಗಿಯುತ್ತಿತ್ತು, ಅಪ್ಪ ಎಲ್ಲಿದ್ದರೂ ಸಂತೋಷಪಡುತ್ತಿದ್ದರು, ಶ್ರೀ ಅನ್ನಲು ಬಾಯಿ ತೆರೆದವನು ಮಧ್ವೇಶ, ತಿಪ್ಪೇಶ್ ಅಂದುಬಿಟ್ಟ, ಅದರ ಪಕ್ಕ ತನ್ನ ಹೆಸರು, ಎರಡೂ ಮೂಲೆಯಲ್ಲಿ ಸಣ್ಣಗೆ ಬರಲಿ ಅಂದ. ದಾರಿಯುದ್ದಕ್ಕೂ ಮುಖ ಬಿಸಿಯಾಗಿತ್ತು, ಏನಿದು ಕಾಲೇಜು ಹುಡುಗರ ಹಾಗೆ, ನಲವತ್ತರ ಹತ್ತಿರ ಬಂದಿದ್ದೀಯ, ತಿಪ್ಪೇಶ ನೋಡಿ ನಕ್ಕರೆ — ನಗಲಿ, ಎಲ್ಲರ ಮುಂದೆ ನಗಲಿ, ಏನಲೇ ಇದು ಅಂತ ಬೆನ್ನಿಗೆ ಗುದ್ದಲಿ.

ಪರದೆ ಸರಿಯಿತು, ತೋಟಪ್ಪ, ಹುಬ್ಬಿನ ಮೇಲೆಲ್ಲ ಪ್ಲಾಸ್ಟಿಕ್ಕಿನ ಬಿಳಿ ಪುಡಿ, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ್ದು, ತಗೋರಿ ಅಂತ ಬಿಚ್ಚಿದ. ಮಧ್ವೇಶ ಎದ್ದು ನಿಂತ. ಕಪ್ಪು ಅಂದರೆ ಎಂಥ ಕಪ್ಪು, ಅಂಗಡಿಯ ಟ್ಯೂಬ್‌ಲೈಟು ಅದರಲ್ಲಿ ಬಿದ್ದು ಮಲಗಿದೆ, ಅಂಚುಗಳನ್ನು ಅರದಿಂದ ಉಜ್ಜಿ ಉಜ್ಜಿ ನಯ ಮಾಡಿದ್ದಾನೆ, ಕೆಳಗಿನ ಮೂಲೆಯಲ್ಲಿ ಬಿಳಿಯಕ್ಷರದಲ್ಲಿ ಎರಡು ಹೆಸರು, ಹೇಳಿದಷ್ಟೇ ಸಣ್ಣಗೆ, ಮಧ್ವೇಶ – ತಿಪ್ಪೇಶ್, ನಡುವೆ ಒಂದು ಪುಟ್ಟ ಗೆರೆ, ಆ ಗೆರೆ ಅವನು ಹೇಳಿರಲಿಲ್ಲ, ತೋಟಪ್ಪನೇ ಹಾಕಿದ್ದು, ಇಬ್ಬರು ಕೈ ಚಾಚಿ ಹಿಡಿದುಕೊಂಡ ಹಾಗೆ. ಭಾಳ ಛಲೋ ಆಗೇದ ತೋಟಪ್ಪ ಅಂದ. ಎಕ್ಸ್‌ರೇ ಹಾಳೆ ಬಿಡಿಸಿ ಮಡಚಿ ಜೇಬಿಗಿಟ್ಟುಕೊಂಡ, ಪ್ಲೇಟನ್ನು ಗಿಟಾರಿನ ಮೇಲಿಟ್ಟರೆ — ಕೂರುತ್ತಿಲ್ಲ. ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ, ಕೊಡ್ರಿಲ್ಲಿ ಅಂತ ತೋಟಪ್ಪ ಕಸಿದುಕೊಂಡು ತಾನೂ ತಿರುಗಿಸಿದ, ಗಿಟಾರಿನ ತಗ್ಗು ಎಡಕ್ಕಿದ್ದರೆ ಪ್ಲೇಟಿನ ತಗ್ಗು ಬಲಕ್ಕೆ, ಸ್ಕ್ರೂ ತೂತುಗಳೆಲ್ಲ ತದ್ವಿರುದ್ಧ, ತೋಟಪ್ಪ ಹಣೆ ಹಣೆ ಬಡಿದುಕೊಂಡ, ಅಯ್ಯ ಶಿವನ, ಕಾಗದ ಬೋರಲು ಹಚ್ಚಿಬಿಟ್ಟೀನ್ರಿ ಸಾರ್, ರಬ್ಬರ್ ಸ್ಟಾಂಪಿನ ಕೈಯಿದು, ದಿನಾ ಬೆಳಗಾದ್ರ ಸ್ಟಾಂಪು ಸ್ಟಾಂಪು, ಪರ್ಮಿಟ್ಟಿನ ಸ್ಟಾಂಪು, ಲಾರಿ ಚೀಟಿ ಸ್ಟಾಂಪು, ಎಲ್ಲಾ ಉಲ್ಟಾ ಕೊರೀಬೇಕು, ಬರ್ದ ಬಾಜು ಕೆಳಗ ಮಾಡಿ ಅಂಟಸೋದೇ ರೂಢಿ ಆಗೇತಿ, ಹೆಸರು ಮಾತ್ರ ಮಿಷನ್ನಾಗ ನೆಟ್ಟಗ ಬಂದೈತಿ, ಆಕಾರ ಉಲ್ಟಾ ಹೊಡದೈತಿ. ಮಧ್ವೇಶನಿಗೆ ನಗು ಬಂತು, ಬಂದದ್ದು ನಿಲ್ಲಲಿಲ್ಲ, ಗಿಟಾರು ಹಿಡಿದುಕೊಂಡೇ ಬೆಂಚಿನ ಮೇಲೆ ಕುಸಿದು ನಕ್ಕ, ತೋಟಪ್ಪನೂ ನಕ್ಕ, ಇಡೀ ಊರೇ ಸ್ಟಾಂಪು ಹೊಡೆಸಿಕೊಳ್ಳುವ ಭರಾಟೆಯಲ್ಲಿ ನನ್ನ ಗಿಟಾರೂ ಸಿಕ್ಕಿಹಾಕಿಕೊಂಡಿತಲ್ಲಪ್ಪ, ಇಷ್ಟು ಜೋರಾಗಿ ನಕ್ಕು ಎಷ್ಟು ಕಾಲವಾಯಿತು, ಹೊಟ್ಟೆ ನೋಯುತ್ತಿದೆ.

ನಗು ಇಳಿಯುತ್ತಿದ್ದ ಹಾಗೆ ಹೊಳೆಯಿತು — ಉಲ್ಟಾ ಅಂದರೆ ಬಲಗೈಯದು. ಬಲಗೈಯದು ಅಂದರೆ ತಿಪ್ಪೇಶನದು. ಒಂದೇ ಕಂಪನಿ, ಒಂದೇ ಮಾದರಿ, ಕನ್ನಡಿಯಲ್ಲಿ ನೋಡಿದ ಹಾಗೆ, ಈ ಪ್ಲೇಟು ತಿಪ್ಪೇಶನ ಗಿಟಾರಿಗೆ ಅಚ್ಚಿಗೆ ಹಾಕಿದ ಹಾಗೆ ಕೂರುತ್ತದೆ, ಕಪ್ಪು ಮೇಲಾಗಿ, ಹೆಸರೆರಡೂ ಕಾಣುವ ಹಾಗೆ. ದೇವರೇ. ಮನೆ ಪ್ರವೇಶಕ್ಕೆ ಏನು ಒಯ್ಯುವುದು ಅಂತ ಎಷ್ಟು ದಿನದಿಂದ ತಲೆ ಕೆಡಿಸಿಕೊಂಡಿದ್ದ, ಟಿಪ್ಪರುಗಳ ಒಡೆಯನಿಗೆ ಗೋಡೆ ಗಡಿಯಾರ ಕೊಡಲಾದೀತೇ, ಈಗ ನೋಡಿದರೆ ತಾನೇ ಆಗಿ ಬಂದಿದೆ, ಅಲ್ಲೇ ಹಾಲಿನಲ್ಲಿ ಕೂತು, ಕೊಡಲೇ ನಿನ್ನ ಗಿಟಾರು ಅಂತ ಇಸಿದುಕೊಂಡು, ಹಳೆಯದನ್ನು ಬಿಚ್ಚಿ ಇದನ್ನು ಕೂರಿಸುವುದು, ಜಂಬಮ್ಮತ್ತೆ ಏನ್ ಬರದೈತಪ್ಪಾ ಅದರಾಗ ಅಂತ ಕೇಳುತ್ತಾಳೆ, ತಿಪ್ಪೇಶನ ಹೆಂಡತಿ ಶೈಲಶ್ರೀ ಓದಿ ಹೇಳುತ್ತಾಳೆ, ಅತ್ತೆಗೆ ಓದಿ ಹೇಳುತ್ತ ಗಂಡನ ಮುಖ ನೋಡಿ ನಗುತ್ತಾಳೆ, ತನ್ನದಕ್ಕೆ ಇಂಥದ್ದೇ ಇನ್ನೊಂದು, ಆಗ ಎದುರಾಬದುರಾ ಕೂತರೆ ಎರಡರ ಮೇಲೂ ಎರಡು ಹೆಸರು. ತೋಟಪ್ಪಾ, ಏನೂ ಬೇಜಾರು ಮಾಡ್ಕೋಬ್ಯಾಡ್ರಿ, ಇದು ಹಿಂಗ ಇರ್ಲಿ, ನಮ್ಮ ತಿಪ್ಪೇಶಂದು ಮನಿ ಪ್ರವೇಶ ಅದ, ಅವಂಗ ಕೊಡ್ತೀನಿ, ನನಗ ಇನ್ನೊಂದು ಮಾಡ್ರಿ, ಕಾಗದ ಮಾತ್ರ ನೆಟ್ಟಗ ಹಚ್ಚರಿ ಅಂದ. ಯಾವ ತಿಪ್ಪೇಶ್ರಿ, ಅಂದ ತೋಟಪ್ಪ, ಸಂಡೂರು ರೋಡಿಂದು ಜಂಬಮ್ಮ ನಿಲಯದೋರಾ. ಹೌದ್ರಿ ಅವನ. ತೋಟಪ್ಪ ಪ್ಲೇಟಿನ ಮೇಲಿನ ಪುಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ, ಒರೆಸುತ್ತಲೇ ಅಂದ, ಅವರ ಮನಿ ಪ್ರವೇಶ ಆಗಿಹೋತಲ್ರಿ ಸಾರ್, ಹೋದ ವಾರ.

ಬ್ಯುರೆಟ್ಟಿನ ಆ ಒಂದು ಹನಿ. ಹೋದ ವಾರ. ಮನಿ ಬೋರ್ಡು ನಾವ ಮಾಡಿದ್ದು, ಗ್ರಾನೈಟಿಂದು, ಹಿಂದಿನ ದಿನ ಹೋಗಿ ಹಚ್ಚಿ ಬಂದ್ವಿ, ಸಾಹೇಬ್ರು ಊಟಕ್ಕ ಬರಾಕಬೇಕು ಅಂತ ಹೇಳಿದ್ರು, ಏನ್ ಮಂದಿ ಅಂತೀರಿ, ಬಫೆನೂ ಇತ್ತು ಎಲಿ ಊಟನೂ ಇತ್ತು, ನೀವು ಬಂದಿದ್ರೇನ್ರಿ, ನಾ ನೋಡ್ಲಿಲ್ಲ. ಇಲ್ರಿ, ಅಂದ ಮಧ್ವೇಶ, ನನಗ ಅವತ್ತು ಡ್ಯೂಟಿ ಇತ್ತು, ಬರಲಿಕ್ಕೆ ಆಗಲಿಲ್ಲ, ಅದಕ್ಕ ಈಗ ಕೊಡಬೇಕು ಅಂತ — ಎಷ್ಟು ಸರಾಗವಾಗಿ ಬಂತು ಸುಳ್ಳು, ಆಚಾರ್ರ ಮಗ. ಕಾರ್ಡು ಹಳೇ ಮನೆಗೆ ಹೋಗಿರಬೇಕು, ಗುಡಿಯ ಹಿಂದಿನ ಮನೆಗೆ, ಅಮ್ಮ ಹೋದಮೇಲೆ ಬಿಟ್ಟುಬಂದದ್ದು ಅವನಿಗೆ ಗೊತ್ತಿಲ್ಲ, ಬಾಗಿಲ ಸಂದಿನಲ್ಲಿ ತುರುಕಿ ಹೋಗಿರುತ್ತಾರೆ, ಆದರೆ ಲ್ಯಾಬಿನ ಫೋನು ಗೊತ್ತಿತ್ತಲ್ಲ, ಅದಕ್ಕೆ ಮಾಡಿದ್ದನಲ್ಲ, ಇರಲಿ, ಸಾವಿರ ಕೆಲಸ, ಪೆಂಡಾಲು, ಅಡುಗೆಯವರು, ದೊಡ್ಡ ದೊಡ್ಡ ಮಂದಿ, ಅದರಲ್ಲಿ ಒಂದು ಹೆಸರು ತಪ್ಪಿಹೋಗುತ್ತದೆ, ಆಮೇಲೆ ರಾತ್ರಿ ಮಲಗುವಾಗ ಅಯ್ಯೋ ಮಧ್ವ್ಯಾಗ ಹೇಳಲೇ ಇಲ್ಲ ಅಂತ ಶೈಲಶ್ರೀಗೆ ಅಂದಿರುತ್ತಾನೆ, ಗಿಟಾರಿನ ವಿಷಯ ಮರೆತೇ ಹೋಗಿರುತ್ತದೆ, ಅದಿಲ್ಲದೆ ನಾನು ನೆನಪಾಗುವುದಾದರೂ ಹೇಗೆ, ಈಗಲೂ ಹೋಗಬಹುದು, ಹೋಗಿ ಕೊಟ್ಟು, ನಾಚಿಕೆಯಾಗಲಿ ಅವನಿಗೆ, ನಾಚಿಕೆಪಟ್ಟು ಕುಂದ್ರಲೇ ಅನ್ನುತ್ತಾನೆ, ಕುಂದ್ರು, ತಡಿ ಗಿಟಾರ್ ತರ್ತೀನಿ ಅನ್ನುತ್ತಾನೆ. ತೋಟಪ್ಪ ಅವನ ಮುಖ ನೋಡಲಿಲ್ಲ, ಪ್ಲೇಟಿನ ಹೊಳಪೇ ಅವನಿಗೆ ಹೆಚ್ಚು, ಸಾಹೇಬ್ರೂ ಭಾಳ ಛಲೋ ಬಾರಸ್ತಾರಲ್ರಿ ಗಿಟಾರು, ನನಗ ಗೊತ್ತ ಇರ್ಲಿಲ್ಲ, ಹಾಲ್‌ನಾಗ ನಟ್ಟನಡುವ ಕುಂತು ಬಾರ್ಸಿದ್ರು, ಮಂದಿ ಎದ್ದು ಹೋಗ್ಲಿಲ್ಲ.

ಒಬ್ರೇ ಬಾರ್ಸಿದ್ರಾ, ಅಂತ ಕೇಳಿದ್ದು ಯಾರು, ಅವನೇ ಕೇಳಿದ್ದು. ಇಲ್ರಿ, ಎದುರಿಗೆ ಇನ್ನೊಬ್ರು ಇದ್ರು, ಬೆಂಗಳೂರಿಂದ ಬಂದೋರಂತ, ಕೂದಲ ಇಷ್ಟುದ್ದ ಬಿಟ್ಟಿದ್ರು, ಅವರೂ ಗಿಟಾರು, ಇಬ್ರೂ ಎದುರಾಬದುರಾ ಕುಂತು. ಎದುರಾಬದುರಾ. ಅವರ ಗಿಟಾರು ಯಾವ ಕಡಿ ಇತ್ರಿ, ಅಂದ ಮಧ್ವೇಶ. ಯಾವ ಕಡಿ ಅಂದ್ರ. ಅದರ ಕುತ್ತಿಗಿ, ಇದು, ಈ ಉದ್ದಂದು, ಇಬ್ರದೂ ಒಂದ ಕಡಿಗೆ ಇತ್ತೋ, ಅವರದು ಆ ಕಡಿಗೆ ಇತ್ತೋ. ತೋಟಪ್ಪ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ, ಎರಡೂ ಕೈ ಎತ್ತಿ ಗಾಳಿಯಲ್ಲಿ ಹಿಡಿದು ನೋಡಿದ, ಅವರದು ಆ ಕಡಿಗೆ ಇತ್ತು ನೋಡ್ರಿ, ಗ್ವಾಡಿ ಕಡೆ, ಸಾಹೇಬ್ರದು ಬಾಗಲ ಕಡೆ, ಯಾಕ್ರಿ, ಹಂಗ ಇರಬಾರದೇನು. ಹಂಗ ಇರ್ತದ್ರಿ, ಅಂದ ಮಧ್ವೇಶ, ಬಲಗೈಲೆ ಬಾರಿಸೋ ಎಲ್ಲರದೂ ಹಂಗ ಇರ್ತದ. ಲಾರಿ, ಮತ್ತೊಂದು ಲಾರಿ, ಅದರ ಹಿಂದೆ ಮತ್ತೊಂದು, ಗೋಡೆಯ ಮೇಲಿನ ಹೆಸರುಗಳೆಲ್ಲ ಮಾತಾಡಿಕೊಂಡವು. ಪ್ಲೇಟು ತೋಟಪ್ಪನ ಕೈಯಲ್ಲಿದೆ, ಪ್ಯಾಕ್ ಮಾಡ್ಲೇನ್ರಿ ಗಿಫ್ಟಿಗೆ, ಕಲರ್ ಪೇಪರ್ ಐತಿ ಅನ್ನುತ್ತಿದ್ದಾನೆ.

ಬ್ಯಾಡ್ರಿ. ಬೋರಲು ಹಾಕ್ರಿ. ಬೋರಲು ಅಂದ್ರ ಅಂದ ತೋಟಪ್ಪ. ಹೊಳ್ಳಿಸಿ, ಕಪ್ಪು ಕೆಳಗ ಮಾಡಿ, ನನ್ನ ಗಿಟಾರಿಗೇ ಹಾಕ್ರಿ, ಹೊಳ್ಳಿಸಿದ್ರ ಕೂಡತದ. ತೋಟಪ್ಪ ಮಗುಚಿ ಇಟ್ಟು ನೋಡಿದ, ಕೂತಿತು, ಅಂಚಿಗೆ ಅಂಚು, ತೂತಿಗೆ ತೂತು, ಎಂಥ ಕೆಲಸಗಾರ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ, ಆದರೆ ಮೇಲೆ ಈಗ ಹಿಂಬದಿಯ ಬಿಳಿ, ಹೊಳಪಿಲ್ಲದ್ದು, ಏನೂ ಬರೆಯದ್ದು. ಹೆಸರು ಒಳಗ ಹೋಗ್ತಾವಲ್ರಿ ಸಾರ್, ಕಟಗಿಗೆ ಮುಖ ಮಾಡಿ, ಯಾರಿಗೆ ಕಾಣ್ತಾವು, ನಾಳೆ ಸಂಜಿಕ್ಕ ಬರ್ರಿ, ಹೊಸಾದು ಮಾಡಿಕೊಡ್ತೀನಿ, ತಪ್ಪು ನನ್ನದು. ನಿಮ್ಮ ತಪ್ಪೇನಿಲ್ಲ ತೋಟಪ್ಪ, ಹಾಕ್ರಿ. ತೋಟಪ್ಪ ಅಪ್ಪ ಮುದುಕಪ್ಪನನ್ನು ಕೇಳುವವನ ಹಾಗೆ ಮೇಲೆ ನೋಡಿದ, ಆತ್ರಿ, ಹೆಸರಂತೂ ಐತಲ್ಲ, ಬರೇ ಪ್ಲೇಟು ಕೊಟ್ಟಂಗಾಗಲಿಲ್ಲ ಅಂದ, ತೂತುಗಳ ಬಾಯಿಯನ್ನು ಈ ಕಡೆಯಿಂದಲೂ ಸ್ವಲ್ಪ ಕೊರೆದು, ಸ್ಕ್ರೂಡ್ರೈವರ್ ತಗೊಂಡ. ಮಧ್ವೇಶ ಗಿಟಾರನ್ನು ಅಲುಗದಂತೆ ಹಿಡಿದ. ಒಂದು ಸ್ಕ್ರೂ, ಒಳಗೆ ಎರಡು ಹೆಸರು ಕತ್ತಲಿಗೆ ಮುಖ ಕೊಟ್ಟು ಮಲಗಿವೆ, ಇನ್ನೊಂದು ಸ್ಕ್ರೂ, ಫೋನು ಮಾಡಿ ಕೇಳಬಹುದು, ಊಟ ಹೆಂಗಿತ್ತೋ, ಏನಂತ ಕೇಳಲಿ, ಅವನೇನು ನನ್ನನ್ನು ಮರೆತಿಲ್ಲ, ಮರೆತಿದ್ದರೆ ಎದುರಿಗೆ ಖಾಲಿ ಇರುತ್ತಿತ್ತು, ಎದುರಿಗೊಬ್ಬರು ಕೂರಬೇಕು ಅಂತ ಅವನಿಗೆ ನೆನಪಿತ್ತು, ಕರೆಸಿದ, ಅಷ್ಟು ದೂರದಿಂದ ಕರೆಸಿದ, ನನಗೆ ಫೋನು ಮಾಡಿದಷ್ಟೇ ಸಲೀಸಾಗಿ ಬೆಂಗಳೂರಿಗೂ ಮಾಡಿದ, ನನ್ನಲ್ಲಿಗೆ ಆಟೋ ಹಿಡಿದರೆ ಹತ್ತು ನಿಮಿಷದ ದಾರಿ, ನಾನು ಇಲ್ಲೇ ಇದ್ದೆ, ಅವತ್ತೂ ಸಂಜೆ ಕುರ್ಚಿ ಎಳೆದು ಹಾಕಿಕೊಂಡು ಕೂತಿದ್ದೆ, ಮತ್ತೊಂದು ಸ್ಕ್ರೂ, ಕೊನೆಯದು ಬಿಗಿಯಾಗಲಿ ಬಿಡ್ರಿ ಅನ್ನುತ್ತಾನೆ ತೋಟಪ್ಪ, ಒಂದೀಟು ಬಾರ್ಸಿ ತೋರಸ್ರಿ ಸಾರ್ ಅನ್ನುತ್ತಾನೆ, ಎದುರಿಗೆ ಸ್ಟೂಲು ಎಳೆದುಕೊಂಡು ಕೂರುತ್ತಾನೆ, ಮಧ್ವೇಶ ಎಡಗೈ ಎತ್ತಿದ, ಎತ್ತಿದ ಕೈ ತಂತಿಗೆ ಇಳಿಯುತ್ತಿಲ್ಲ, ದೊಡ್ಡ ಹಾಲು, ನಟ್ಟನಡುವೆ ತಿಪ್ಪೇಶ, ಅವನ ಮೊಣಕಾಲಿಗೆ ಆ ಬೆಂಗಳೂರಿನವನ ಮೊಣಕಾಲು ತಾಗಿದೆ, ಆ ಗಿಟಾರಿನ ಕುತ್ತಿಗೆ ಗೋಡೆಯ ಕಡೆಗಿದೆ, ತಿಪ್ಪೇಶನಿಗೆ ಅದರಿಂದ ಏನೂ ಅಡ್ಡಿಯಾಗಿಲ್ಲ, ಬಾರಿಸುತ್ತಿದ್ದಾನೆ, ಗೋಡೆಯ ಕಡೆಗಿರುವ ಆ ಕೈಯನ್ನೇ ನೋಡುತ್ತ, ತಲೆಯೆತ್ತಿ ನಗುತ್ತಿದ್ದಾನೆ, ಎದುರಿನವನ ಕಡೆಗೆ —